ತೊರಕೆ ಪಟಕ್ಕೆ ಯಾವ ಬಟ್ಟೆ: ರಿಪ್‌ಸ್ಟಾಪ್, ಕೊಡೆ ಬಟ್ಟೆ, ಲೈನಿಂಗ್

ಕಡ್ಡಿಯಿಲ್ಲದೆ, ಗಾಳಿ ತುಂಬಿಕೊಂಡು ಉಬ್ಬುವ ಪ್ರಾಣಿಪಟವನ್ನು ಮನೆಯಲ್ಲೇ ಹೊಲಿಯಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ಹೊರಮೈಗೆ ಗಾಳಿ ದಾಟದ ಕೋಟಿಂಗ್ ಇರುವ ರಿಪ್‌ಸ್ಟಾಪ್ ನೈಲಾನೇ (ಹರಿದರೂ ಹರಕು ಹರಡದಂತೆ ಚೌಕಳಿಯಾಗಿ ನೇಯ್ದದ್ದು) ಆಗಬೇಕು. ತೊರಕೆ ಮೀನಿನ (ಇಂಗ್ಲಿಷಿನಲ್ಲಿ ರೇ) ಒಂದೇ ನಕ್ಷೆಯನ್ನು ಮೂರು ಬಗೆಯ ಬಟ್ಟೆಯಲ್ಲಿ ಹೊಲಿದು, ಮಂಗಳೂರಿನ ಪಣಂಬೂರು ಕಡಲತೀರದಲ್ಲಿ ಹಾರಿಸಿ ನೋಡಿದ ಮೇಲೆ ಈ ಮಾತು.

ತೊರಕೆಯನ್ನೇ ಯಾಕೆ ಅಂದರೆ ಅದರ ಮೈಯೇ ರೆಕ್ಕೆ. ಆನೆ, ಕರಡಿಯಂಥವು ಸಾಮಾನ್ಯವಾಗಿ ಬೇರೊಂದು ಪಟದ ದಾರಕ್ಕೆ ಜೋತುಬಿದ್ದು ಮೇಲೇರುತ್ತವೆ. ತೊರಕೆ ತಾನೇ ಹಾರುತ್ತದೆ. ಮುಂದಿನ ಬಾಯಿಯಿಂದ ಗಾಳಿ ನುಗ್ಗಿ ಒಳಗಿನ ಕೋಣೆಗಳನ್ನು ತುಂಬುವ ಈ ಉಪಾಯವನ್ನು 1960ರ ದಶಕದಲ್ಲಿ ಅಮೆರಿಕದ ಡೊಮಿನಾ ಜಾಲ್ಬರ್ಟ್ ಪ್ಯಾರಾಫಾಯಿಲ್ ಹೆಸರಿನಲ್ಲಿ ರೂಪಿಸಿದರು. ಅದನ್ನು ತೊರಕೆ, ಆಕ್ಟೋಪಸ್‌ಗಳ ಮೈಗೆ ಇಳಿಸಿ ಜಗತ್ತಿನ ಉತ್ಸವಗಳಿಗೆ ತಂದವರಲ್ಲಿ ನ್ಯೂಜಿಲೆಂಡಿನ ಪೀಟರ್ ಲಿನ್ ದೊಡ್ಡ ಹೆಸರು. ನಮ್ಮ ಊರಿನಲ್ಲಿ ಟೀಮ್ ಮಂಗಳೂರು ಎಂಬ ಗಾಳಿಪಟ ತಂಡದವರ ಕಥಕ್ಕಳಿ ಪಟ ನೋಡಿ ಬೆಳೆದವರಿಗೆ ಪಟವೆಂದರೆ ಬರೀ ಕಾಗದ, ಬಿದಿರುಕಡ್ಡಿ ಅಂತ ಅನ್ನಿಸುವುದೇ ಇಲ್ಲ.

ನನ್ನ ತೊರಕೆ ರೆಕ್ಕೆಯ ತುದಿಯಿಂದ ತುದಿಗೆ ಎರಡೂವರೆ ಮೀಟರ್. ಮೇಲ್ಮೈ, ಕೆಳಮೈ ಸೇರಿ ಸುಮಾರು 6 ಚದರ ಮೀಟರ್ ಬಟ್ಟೆ ಹಿಡಿಯುತ್ತದೆ. ಚದರ ಮೀಟರಿಗೆ 35 ಗ್ರಾಂ ತೂಗುವ ರಿಪ್‌ಸ್ಟಾಪ್ ಆದರೆ ಹೊರಮೈ 210 ಗ್ರಾಂ. ನನಗೆ ಸಿಕ್ಕ ಕೊಡೆ ಬಟ್ಟೆ 75 ಗ್ರಾಮಿನ ಆಸುಪಾಸಿನದು, ಅಂದರೆ 450 ಗ್ರಾಂ. ಇಷ್ಟು ವ್ಯತ್ಯಾಸ ಏನು ಮಾಡುತ್ತದೆ ಎಂಬುದು ಸಂಜೆ ಕಡಲಗಾಳಿ ಇಳಿಯತೊಡಗಿದಾಗ ಗೊತ್ತಾಗುತ್ತದೆ. ನೈಲಾನ್ ತೊರಕೆ ಇನ್ನೂ ಬಾಲ ಆಡಿಸುತ್ತ ಮೇಲೆ ಇರುವಾಗಲೇ ಕೊಡೆ ಬಟ್ಟೆಯದು ಹೊಟ್ಟೆ ಕೆಳಗೆ ಹಾಕಿ ಮರಳಿಗೆ ಬರುತ್ತದೆ. ಗಾಳಿ ಬಲವಾಗಿದ್ದಾಗ ಮಾತ್ರ ಎರಡಕ್ಕೂ ಹೆಚ್ಚು ಭೇದ ಕಾಣಲಿಲ್ಲ.

ಲೈನಿಂಗ್ ಬಟ್ಟೆ ಅಗ್ಗ, ಹಗುರ, ಯಾವ ಬಟ್ಟೆ ಅಂಗಡಿಯಲ್ಲೂ ಬಣ್ಣ ಬಣ್ಣದ್ದು ಸಿಗುತ್ತದೆ. ಆದರೆ ಗಾಳಿ ಸೋರುತ್ತದೆ. ಕೊಳ್ಳುವ ಮೊದಲು ಬಟ್ಟೆಯನ್ನು ತುಟಿಗೆ ಬಿಗಿಯಾಗಿ ಒತ್ತಿ ಊದಿ ನೋಡಿ. ಕೋಟಿಂಗ್ ಚೆನ್ನಾಗಿದ್ದರೆ ಕೆನ್ನೆ ಉಬ್ಬುತ್ತದೆ, ಉಸಿರು ದಾಟುವುದಿಲ್ಲ. ಲೈನಿಂಗ್ ಆದರೆ ಆಚೆ ಹಿಡಿದ ಅಂಗೈಗೆ ಬಿಸಿ ತಗಲುತ್ತದೆ. ರಿಪ್‌ಸ್ಟಾಪ್ ಎಂದು ಆನ್‌ಲೈನಿನಲ್ಲಿ ತರಿಸಿದ ಒಂದು ಬಟ್ಟೆ ಈ ಪರೀಕ್ಷೆಯಲ್ಲೇ ಬಿದ್ದುಹೋಯಿತು: ಚೌಕಳಿ ನೇಯ್ಗೆ ಇತ್ತು, ಕೋಟಿಂಗ್ ಇರಲಿಲ್ಲ. ಮಾರಿದವರು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಇನ್ನು ನೈಲಾನಿನ ಕಾಟಕ್ಕೆ ಬರೋಣ. ಅದು ಜಾರುತ್ತದೆ. ಮೇಲಿನ ತುಂಡು, ಕೆಳಗಿನ ತುಂಡು ಎರಡನ್ನೂ ಒಂದೇ ಅಳತೆಗೆ ಕತ್ತರಿಸಿ ರೆಕ್ಕೆಯ ಒಂದು ತುದಿಯಿಂದ ಹೊಲಿಯುತ್ತ ಹೊರಡಿ. ಇನ್ನೊಂದು ತುದಿ ಮುಟ್ಟುವಾಗ ಮೇಲಿನದು ಒಂದೆರಡು ಬೆರಳು ಉದ್ದ ಉಳಿದಿರುತ್ತದೆ. ಮೆಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಎಳೆಯುತ್ತದೆ, ಮೇಲೆ ಒತ್ತುವ ಪಾದ ಮೇಲಿನದನ್ನು ತಡೆಯುತ್ತದೆ. ರವಿಕೆಯಲ್ಲಾದರೆ ಅಷ್ಟನ್ನು ಕತ್ತರಿಸಿ ಸರಿಮಾಡಬಹುದು. ಪಟದಲ್ಲಿ ರೆಕ್ಕೆ ತಿರುಚಿಕೊಂಡು, ಹಾರುವಾಗ ಒಂದೇ ಕಡೆಗೆ ಎಳೆಯುತ್ತದೆ. ಆಮೇಲೆ ಸೂತ್ರವನ್ನು ಎಷ್ಟು ಬಿಗಿದರೂ ಸಡಿಲಿಸಿದರೂ ಪೂರ್ತಿ ಸರಿಹೋಗುವುದಿಲ್ಲ.

ಗುಂಡುಪಿನ್ನು ಚುಚ್ಚುವಂತಿಲ್ಲ, ಕೋಟಿಂಗಿನಲ್ಲಿ ಬಿದ್ದ ತೂತು ಮುಚ್ಚಿಕೊಳ್ಳುವುದಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪು ಸಾಕು. ಎರಡೂ ತುಂಡಿನ ಅಂಚಿಗೆ ಗೇಣಿಗೊಂದರಂತೆ ಪೆನ್ಸಿಲ್ ಗುರುತು ಹಾಕಿ, ಗುರುತಿಗೆ ಗುರುತು ಕೂಡಿಸುತ್ತ ಹೋಗಬೇಕು. ಎಲ್ಲಕ್ಕಿಂತ ಮುಖ್ಯ, ಹೊಲಿಗೆ ಮೂತಿಯಿಂದ ಶುರುವಾಗಿ ಒಮ್ಮೆ ಎಡರೆಕ್ಕೆಯ ತುದಿಗೆ, ಇನ್ನೊಮ್ಮೆ ಬಲರೆಕ್ಕೆಯ ತುದಿಗೆ ಹೋಗಲಿ. ಎರಡು ಸಲವೂ ಅದೇ ತುಂಡು ಕೆಳಗಿರಲಿ. ಆಗ ಜಾರಿದರೂ ಎರಡು ಕಡೆ ಸಮವಾಗಿ ಜಾರುತ್ತದೆ, ಪಟ ನೆಟ್ಟಗೆ ನಿಲ್ಲುತ್ತದೆ. ಹೀಗೆ ಮಾಡುವಾಗ ಒಂದು ರೆಕ್ಕೆಯ ಸರದಿಯಲ್ಲಿ ಪಟದ ಇಡೀ ಮೈ ಮೆಷಿನ್ನಿನ ತೋಳಿನ ಕೆಳಗೆ ಬಂದು ಕೂರುತ್ತದೆ. ಅದನ್ನು ಚಾಪೆಯಂತೆ ಬಿಗಿಯಾಗಿ ಸುತ್ತಿ ತೂರಿಸಿಕೊಳ್ಳಬೇಕು. ಕೈ ನೋಯುತ್ತದೆ, ಬೆವರಿದ ಬೆರಳಿಗೆ ನೈಲಾನ್ ಅಂಟುತ್ತದೆ, ಆದರೆ ಬೇರೆ ದಾರಿ ನನಗೆ ಸಿಕ್ಕಿಲ್ಲ.

ಕೊಡೆ ಬಟ್ಟೆ ಇಷ್ಟು ಜಾರುವುದಿಲ್ಲ, ಆದರೆ ಕೋಟಿಂಗಿನ ಮೈ ಮೇಲೆ ಬಂದರೆ ಪಾದಕ್ಕೇ ಅಂಟಿ ನಿಲ್ಲುತ್ತದೆ. ಲೈನಿಂಗ್ ಹೊಲಿಯಲು ಸಲೀಸು.

ಸೂಜಿ 11 ನಂಬರ್, ದಾರ ಪಾಲಿಯೆಸ್ಟರ್, ಹೊಲಿಗೆ 3 ಮಿಲಿಮೀಟರ್. ಇನ್ನೂ ಸಣ್ಣ ಹೊಲಿಗೆ ಹಾಕಿದರೆ ತೂತುಗಳ ಸಾಲಿನಗುಂಟ ಬಟ್ಟೆ ಹರಿಯುತ್ತದೆ.

ನೈಲಾನಿನ ಇನ್ನೊಂದು ಗುಣ ನನಗೆ ತುಂಬಾ ಹಿಡಿಸಿತು. ಓರೆಯಾಗಿ ಎಳೆದರೆ ಸ್ವಲ್ಪ ಹಿಗ್ಗುತ್ತದೆ, ಹಾಗಾಗಿ ತಲೆಯ ಹತ್ತಿರ ಉಬ್ಬು ಸುಕ್ಕಿಲ್ಲದೆ ದುಂಡಗೆ ಬರುತ್ತದೆ. ಬಿಸಿಲಿಗೆ ಮಾತ್ರ ಬೇಗ ಸೊರಗುತ್ತದೆ. ನಾನು ಹಾರಿಸುವುದು ಇಳಿಹೊತ್ತಿನಲ್ಲಿ, ಅದೊಂದು ದೊಡ್ಡ ಚಿಂತೆಯಾಗಲಿಲ್ಲ.

ಹಣದ ಲೆಕ್ಕಕ್ಕೆ ಬಂದರೆ ಪೂರ್ತಿ ರಿಪ್‌ಸ್ಟಾಪ್ ನನ್ನ ಕೈಗೆ ಭಾರ. ಅದಕ್ಕೆ ಒಳಗೋಡೆಗಳನ್ನು ಲೈನಿಂಗಿನಲ್ಲೇ ಹೊಲಿದೆ. ಕೋಣೆಯಿಂದ ಕೋಣೆಗೆ ಗಾಳಿ ಹಾಯಲೆಂದು ಆ ಗೋಡೆಗಳಿಗೆ ನಾವೇ ತೂತು ಕೊರೆಯುತ್ತೇವೆ, ಅಲ್ಲಿ ಸೋರಿದರೆ ನಷ್ಟವಿಲ್ಲ. ಅಂಚು ನೂಲು ಬಿಡದಂತೆ, ಗಾಜಿನ ಮೇಲೆ ಹರಡಿ ಸೋಲ್ಡರಿಂಗ್ ಐರನ್ನಿನಿಂದ ಕತ್ತರಿಸಿದೆ. ಸೂತ್ರದ ದಾರ ಕಟ್ಟುವ ಕೆಳ ಅಂಚಿಗೆ ಟೇಪು ಹೊಲಿದೆ, ಎಳೆತ ಬೀಳುವುದು ಅಲ್ಲೇ. ಬಾಯಿಗೆ ಹಳೆ ಸೊಳ್ಳೆಪರದೆಯ ತುಂಡು.

ನಿಮ್ಮದು ಗಾಳಿ ಜೋರಾಗಿರುವ ಬಯಲಾಗಿದ್ದರೆ, ಮೊದಲ ಪಟವಾಗಿದ್ದರೆ, ಕೊಡೆ ಬಟ್ಟೆಯಲ್ಲಿ ಹೊಲಿದು ಕೈ ಪಳಗಿಸಿಕೊಳ್ಳಬಹುದು. ಸಂಜೆಯ ಮೆಲುಗಾಳಿಗೂ ಹಾರಬೇಕೆಂದರೆ ಹೊರಮೈಗೆ ನೈಲಾನ್, ಒಳಗೋಡೆಗೆ ಲೈನಿಂಗ್. ಮುಂದಿನದನ್ನು, ಮೂರೂವರೆ ಮೀಟರಿನದನ್ನು, ಹೀಗೇ ಕತ್ತರಿಸಿ ಇಟ್ಟಿದ್ದೇನೆ.