ಪಿಟ್ಸೆಲ್ಲೆಗೆ ಯಾವ ಅಚ್ಚು: ಒಲೆಯದೋ, ವಿದ್ಯುತ್ತಿನದೋ?

ಇಟಲಿಯ ಅಬ್ರುಟ್ಸೊ ಪ್ರಾಂತ್ಯದ ತೆಳು ಬಿಸ್ಕತ್ತಾದ ಪಿಟ್ಸೆಲ್ಲೆಯನ್ನು ಮನೆತನದ ಅಳತೆಯಂತೆ ಮಾಡಹೊರಟವರು ಮೊದಲು ತೀರ್ಮಾನಿಸಬೇಕಾದುದು ಅಚ್ಚಿನ, ಅಂದರೆ ಹಿಟ್ಟನ್ನು ನಡುವೆ ಒತ್ತಿ ಬೇಯಿಸುವ ಜೋಡಿ ತಟ್ಟೆಯ, ವಿಷಯವನ್ನು. ಹಿಟ್ಟಿನ ಹಳೆಯ ಲೆಕ್ಕ ಸರಳವಾಗಿದೆ: ಪ್ರತಿ ಮೊಟ್ಟೆಗೆ ಒಂದು ದೊಡ್ಡ ಚಮಚ ಸಕ್ಕರೆ, ಅಷ್ಟೇ ಆಲಿವ್ ಎಣ್ಣೆ, ಹಿಡಿಸುವಷ್ಟು ಮೈದಾ, ಪರಿಮಳಕ್ಕೆ ಸೋಂಪು ಅಥವಾ ನಿಂಬೆಸಿಪ್ಪೆಯ ತುರಿ.

ಉದ್ದ ಹಿಡಿಯ ಕಬ್ಬಿಣದ ಅಚ್ಚನ್ನು ಬೆಂಕಿಯ ಮೇಲೆ ಕಾಯಿಸಿ, ಹಿಟ್ಟಿಟ್ಟು ಒತ್ತಿಹಿಡಿದು, ಒಂದು ಮಗ್ಗುಲು ಬೆಂದೊಡನೆ ಅಚ್ಚನ್ನೇ ಮಗುಚಬೇಕು. ಹಿಂದಿನ ಕಾಲದ ಮನೆಗಳಲ್ಲಿ ಈ ಹೊತ್ತನ್ನು ಅಳೆಯಲು ಗಡಿಯಾರದ ಬದಲು ಪ್ರಾರ್ಥನೆಗಳನ್ನು ಹೇಳಿಕೊಳ್ಳುತ್ತಿದ್ದರು. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಬೇಯುತ್ತದೆ, ತೋಳು ನೋಯುತ್ತದೆ, ಮೊದಲ ಒಂದೆರಡು ಅಂಟಿಕೊಳ್ಳುವುದೂ ಉಂಟು. ಆದರೆ ಒತ್ತಡವೂ ಶಾಖವೂ ನಮ್ಮ ಕೈಯಲ್ಲೇ ಇರುವುದರಿಂದ, ಗರಿಗರಿಯಾಗಿಯೋ ಮೆತ್ತಗೋ ಬೇಕಾದಂತೆ ತೆಗೆಯಬಹುದು. ಅಲ್ಯೂಮಿನಿಯಂ ಅಚ್ಚು ಹಗುರವೇನೋ ಹೌದು, ಇಂಡಕ್ಷನ್ ಒಲೆಯಲ್ಲಿ ಮಾತ್ರ ಕಾಯುವುದಿಲ್ಲ.

ವಿದ್ಯುತ್ ಅಚ್ಚಿನಲ್ಲಿ ಎರಡೂ ಮಗ್ಗುಲು ಒಟ್ಟಿಗೆ ಬೇಯುತ್ತವೆ, ಮಗುಚುವ ಕೆಲಸವಿಲ್ಲ, ಹೆಚ್ಚಿನವುಗಳಲ್ಲಿ ಒಮ್ಮೆಗೆ ಎರಡು ಸಿದ್ಧವಾಗುತ್ತವೆ. ಅಮೆರಿಕದ ಇಟಾಲಿಯನ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ರಾಶಿಗಟ್ಟಲೆ ಮಾಡುವವರು ಇದನ್ನೇ ನೆಚ್ಚಿಕೊಂಡಿರುವುದು ಸಹಜವೇ.

ಮದುವೆಗೋ ಹಬ್ಬಕ್ಕೋ ಮಾಡುವುದಾದರೆ ವಿದ್ಯುತ್ತಿನದನ್ನೇ ಕೊಳ್ಳಿರಿ. ಮನೆಯಲ್ಲಿ ಅಜ್ಜಿಯ ಕಾಲದ ಕಬ್ಬಿಣದ ಅಚ್ಚು ಈಗಾಗಲೇ ಇದ್ದರೆ, ನನ್ನ ಮಟ್ಟಿಗೆ, ಹೊಸದರ ಅಗತ್ಯವಿಲ್ಲ. ಅದನ್ನು ಸೋಪಿನಿಂದ ಉಜ್ಜದೆ, ಒರೆಸಿ ಎಣ್ಣೆ ಸವರಿಟ್ಟರೆ ಸಾಕು.