ಅಮೆರಿಕದ ಸೆನೆಟ್ ಲಾಬಿ ವರದಿಗಳ ಜಾಲತಾಣ: ಹವಾಮಾನ ಮಸೂದೆಗಳ ಜಾಡು ಹಿಡಿಯಲು ಎಷ್ಟು ಉಪಯೋಗ?

ಶಾಸಕರು, ಅಧಿಕಾರಿಗಳ ಮೇಲೆ ಪ್ರಭಾವ ಬೀರಲು ಹೊರಟ ಲಾಬಿಗಾರರು ಸಲ್ಲಿಸುವ ವರದಿಗಳ ತಾಣವಿದು. ಪುಕ್ಕಟೆ. ಹುಡುಕಲು ಲಾಗಿನ್ ಬೇಡ. 1999ರಿಂದೀಚಿನ ವರದಿಗಳು ಸಿಗುತ್ತವೆ. ಅಮೆರಿಕದ ಹವಾಮಾನ ಮಸೂದೆಯೊಂದರ ಸುತ್ತ ಯಾರ್ಯಾರು ಓಡಾಡಿದರು ಎಂಬುದಕ್ಕೆ ಇದು ಗಟ್ಟಿ ದಾಖಲೆ. ಅವರು ಏನು ಕೇಳಿದರು ಎಂಬುದಕ್ಕೆ ಅಲ್ಲ.

‘ಕ್ಲೈಮೇಟ್ ಚೇಂಜ್’ ಎಂದಷ್ಟೇ ಹುಡುಕಿದರೆ ಬಹಳಷ್ಟು ಕೈತಪ್ಪುತ್ತದೆ. ವರದಿಗಳಲ್ಲಿ ವಿಷಯಗಳಿಗೆ ಮೂರಕ್ಷರದ ಸಂಕೇತಗಳಿವೆ, ಆದರೆ ಹವಾಮಾನಕ್ಕೆಂದೇ ಪ್ರತ್ಯೇಕ ಸಂಕೇತವಿಲ್ಲ. ಪರಿಸರದ ಇಎನ್‌ವಿ, ಇಂಧನದ ಇಎನ್‌ಜಿ, ಗಾಳಿ-ನೀರಿನ ಸಿಎಡಬ್ಲ್ಯು, ಕೊನೆಗೆ ತೆರಿಗೆಯ ಟಿಎಎಕ್ಸ್‌ನಲ್ಲೂ ಅದು ಚದುರಿದೆ. ಹಸಿರುಮನೆ ಅನಿಲಗಳ ಹೊರಸೂಸುವಿಕೆಗೆ ಮಿತಿ ಹಾಕಹೊರಟ 2009ರ ವ್ಯಾಕ್ಸ್‌ಮನ್-ಮಾರ್ಕಿ ಮಸೂದೆ ಬೇಕಿದ್ದರೆ ಎಚ್.ಆರ್. 2454 ಎಂಬ ಸಂಖ್ಯೆಯನ್ನೂ ಪೂರ್ಣ ಹೆಸರನ್ನೂ ರೂಢಿಯ ಹೆಸರನ್ನೂ ಬೇರೆಬೇರೆ ಹುಡುಕಬೇಕು. ಪ್ರತಿ ಕಾಂಗ್ರೆಸ್‌ನಲ್ಲೂ (ಅಮೆರಿಕದ ಸಂಸತ್ತಿನ ಎರಡು ವರ್ಷದ ಅವಧಿ) ಸಂಖ್ಯೆಗಳು ಮತ್ತೆ ಒಂದರಿಂದ ಶುರುವಾಗುವುದರಿಂದ ವರ್ಷವನ್ನು 2009–2010ಕ್ಕೆ ಕಟ್ಟಿಹಾಕದಿದ್ದರೆ ಸಂಬಂಧವಿಲ್ಲದ ಮಸೂದೆಗಳೂ ನುಗ್ಗುತ್ತವೆ.

ಹಣ ಕೂಡುವವರು ಎಡವುವುದು ವರದಿ ನಮೂನೆಯ 12 ಮತ್ತು 13ನೇ ಸಾಲುಗಳಲ್ಲಿ. ಬಾಡಿಗೆ ಲಾಬಿ ಸಂಸ್ಥೆ ತನ್ನ ಆದಾಯವನ್ನು 12ರಲ್ಲಿ ತೋರಿಸುತ್ತದೆ. ಸ್ವಂತ ಲಾಬಿಗಾರರಿರುವ ಕಂಪನಿ ತನ್ನ ಖರ್ಚನ್ನು 13ರಲ್ಲಿ ಬರೆಯುತ್ತದೆ, ಹೊರಗಿನವರಿಗೆ ಕೊಟ್ಟದ್ದನ್ನೂ ಸೇರಿಸಿ. ಎರಡನ್ನೂ ಕೂಡಿದರೆ ಒಂದೇ ದುಡ್ಡು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ತಿದ್ದುಪಡಿ ವರದಿ ಇದ್ದಲ್ಲಿ ಮೂಲವನ್ನು ಕೈಬಿಡಿ. 2008ಕ್ಕೆ ಮುಂಚಿನ ವರದಿ ಆರು ತಿಂಗಳದ್ದು, ಆಮೇಲಿನದು ಮೂರು ತಿಂಗಳದ್ದು. ಇಷ್ಟೆಲ್ಲ ಸರಿ ಮಾಡಿದರೂ ಹವಾಮಾನಕ್ಕೆ ಎಷ್ಟು ಎಂಬುದು ಸಿಗದು: ಇಡೀ ವರದಿಗೆ ಒಂದೇ ಮೊತ್ತ, ಅದೂ 10,000 ಡಾಲರಿಗೆ ದುಂಡಾಗಿಸಿದ್ದು.

ನಿಜವಾದ ಕೊರತೆ ಬೇರೆ. ಪರವೋ ವಿರೋಧವೋ ಎಂಬ ಅಂಕಣವೇ ಇಲ್ಲ. ಭೇಟಿಯಾದ ಸದಸ್ಯರ ಹೆಸರೂ ಇಲ್ಲ, ‘ಸೆನೆಟ್’ ಎಂದು ಬರೆದರೆ ಸಾಕು. ವ್ಯಾಕ್ಸ್‌ಮನ್-ಮಾರ್ಕಿ ಕೆಳಮನೆಯಾದ ಹೌಸ್‌ನಲ್ಲಿ 219–212ರಿಂದ ಗೆದ್ದು ಸೆನೆಟ್‌ನಲ್ಲಿ ಮತದಾನಕ್ಕೇ ಬರಲಿಲ್ಲ. ಮಸೂದೆ ಬೀಳಲಿ ಎಂದವರಿದ್ದಂತೆ, ಮಸೂದೆ ಬರಲಿ ಆದರೆ ಹೊರಸೂಸುವಿಕೆಯ ಪರವಾನಗಿ ನಮಗೆ ಉಚಿತವಾಗಿ ಸಿಗಲಿ ಎಂದು ಚೌಕಾಸಿಗಿಳಿದವರೂ ಇದ್ದರು. ಈ ಎರಡನೆಯ ಗುಂಪೇ ನೀತಿಯ ಒಳರೂಪ ಬದಲಿಸುವುದು. ಇಲ್ಲಿ ಇಬ್ಬರದೂ ಒಂದೇ ಸಾಲು.

ಇಲಾಖೆಗಳು ನಿಯಮ ರೂಪಿಸುವ ಹಂತ ಇನ್ನೂ ಮಸುಕು. ಕರಡಿನ ಮೇಲೆ ಸಲ್ಲಿಸಿದ ಲಿಖಿತ ಅಭಿಪ್ರಾಯ ಕಾನೂನಿನ ಪ್ರಕಾರ ಲಾಬಿ ಸಂಪರ್ಕವೇ ಅಲ್ಲ. ವಿದ್ಯುತ್ ಸ್ಥಾವರಗಳ ಇಂಗಾಲಕ್ಕೆ ಮಿತಿ ಹಾಕಿದ ಪರಿಸರ ಇಲಾಖೆಯ (ಇಪಿಎ) ನಿಯಮ, 2015ರ ಕ್ಲೀನ್ ಪವರ್ ಪ್ಲಾನ್‌ನಲ್ಲಿ ಯಾರು ಯಾವ ಮಾತು ಬದಲಿಸಲು ಕೇಳಿದರು ಎಂದು ನೋಡಲು ಅಭಿಪ್ರಾಯಗಳನ್ನು ಇಡುವ ಸರ್ಕಾರಿ ತಾಣ ರೆಗ್ಯುಲೇಷನ್ಸ್ ಡಾಟ್ ಗವ್‌ನಲ್ಲಿ ಇಪಿಎ-ಎಚ್‌ಕ್ಯು-ಒಎಆರ್-2013-0602 ಕಡತ ತೆರೆಯಿರಿ. ನಿಲುವು ಅಲ್ಲಿ ಅವರದೇ ಮಾತಿನಲ್ಲಿ, ಸಹಿಯೊಂದಿಗೆ ಸಿಗುತ್ತದೆ.