ಕೆರಿಯರ್ ಟೆಸ್ಟ್ ಬಿಡಿ, ಮಾಸ್ತರ ಎದುರು ಕೂತು ಮಾತಾಡಿ

ಮುಂದೆ ಏನು ಓದಬೇಕು ಅಂತ ಸಲಹೆ ಕೊಡುವ ಶಿರಸಿ ಪೇಟೆಯ ಈ ಮಾರ್ಗದರ್ಶನ ಕೇಂದ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬೇಕಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ ಮೊದಲೇ ಹೇಳುತ್ತೇನೆ. ಹೋಗಿ. ಆದರೆ ಕಂಪ್ಯೂಟರ್ ಟೆಸ್ಟಿಗೆ ದುಡ್ಡು ಕೊಡಬೇಡಿ.

ಇಲ್ಲಿ ಎರಡು ಥರದ ಸೇವೆ ಇದೆ. ಒಂದು ಮಕ್ಕಳ ಆಸಕ್ತಿ, ಸಾಮರ್ಥ್ಯ ಅಳೆಯುವ ಕಂಪ್ಯೂಟರ್ ಆಪ್ಟಿಟ್ಯೂಡ್ ಟೆಸ್ಟ್, 1,500 ರೂಪಾಯಿ. ಇನ್ನೊಂದು ಕೇಂದ್ರ ನಡೆಸುವ ನಿವೃತ್ತ ಪಿಯು ಉಪನ್ಯಾಸಕರ ಜೊತೆ ಕೂತು ಮಾತಾಡುವುದು, ಅದಕ್ಕೆ 600. ಮಾಸ್ತರು ಅಂದಿದ್ದು ಇವರನ್ನೇ. ನಾವು ಎರಡನ್ನೂ ತಗೊಂಡೆವು. ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಬಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ. ಮನೆ ಹಳ್ಳಿಯಲ್ಲಿ, ಅಡಕೆ ತೋಟ.

ಟೆಸ್ಟ್ ಪೂರ್ತಿ ಇಂಗ್ಲಿಷಿನಲ್ಲಿದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಪ್ರಶ್ನೆ ಅರ್ಥ ಮಾಡಿಕೊಳ್ಳುವುದರಲ್ಲೇ ಸುಸ್ತಾಗುತ್ತಾರೆ, ಆಮೇಲೆ ಅವರ ಆಸಕ್ತಿ ಏನು ಅಂತ ಅದು ಹೇಗೆ ಅಳೆಯುತ್ತದೋ ನನಗೆ ಗೊತ್ತಾಗಲಿಲ್ಲ. ಕೊನೆಗೆ ಬಣ್ಣದ ಗ್ರಾಫ್ ಇರುವ ದಪ್ಪ ರಿಪೋರ್ಟ್ ಬಂತು. ವಿಜ್ಞಾನಿ, ಮನಶ್ಶಾಸ್ತ್ರಜ್ಞೆ, ಡಿಸೈನರ್, ವಕೀಲೆ, ಎಲ್ಲವೂ ಆಗಬಹುದಂತೆ. ಎಲ್ಲಿ ಓದಬೇಕು, ಯಾವ ಪರೀಕ್ಷೆ ಬರೆಯಬೇಕು, ಎಷ್ಟು ಖರ್ಚು ಅನ್ನುವುದು ಒಂದು ಸಾಲೂ ಇಲ್ಲ. ನಮ್ಮ ಮನೆಯವರು ಅದನ್ನು ಓದಿ ಸುಮ್ನೆ ಟೇಬಲ್ ಮೇಲಿಟ್ಟರು.

ಮಾಸ್ತರ ಜೊತೆ ಕೂತಿದ್ದೇ ಬೇರೆ. ಅವರು ಆ ರಿಪೋರ್ಟನ್ನು ಬದಿಗಿಟ್ಟು, "ತಂಗಿ, ದಿನಾ ಬೆಳಿಗ್ಗೆ ಎದ್ದು ಏನು ಮಾಡೋಕೆ ಬೇಜಾರಿಲ್ಲ ನಿಂಗೆ?" ಅಂತ ಕೇಳಿದರು. ಮಗಳು ಗಿಡಮರದ ವಿಷಯ ಹೇಳಿದಳು, ತಮ್ಮನ ಜೊತೆ ಬೆಟ್ಟ ತಿರುಗುವುದನ್ನು ಹೇಳಿದಳು. ನಮ್ಮೆದುರು ಇಷ್ಟು ಮಾತಾಡಿದವಳೇ ಅಲ್ಲ. ಮೆಡಿಕಲ್ ಸೀಟಿಗೆ ಬರೆಯುವ ನೀಟ್ ಪರೀಕ್ಷೆ ಬರೆಯಲ್ಲ ಅಂತಲೂ ಅಲ್ಲೇ ಹೇಳಿದಳು. ಮಾಸ್ತರು ನಮ್ಮ ಕಡೆ ತಿರುಗಿ, ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ ಅಂದಮಾತ್ರಕ್ಕೆ ಜಿಲ್ಲೆಯ ಮಕ್ಕಳೆಲ್ಲ ನೀಟ್ ಬರೆಯಲೇಬೇಕು ಅಂತಿಲ್ಲ ಅಂದರು.

ಶಿರಸಿಯಲ್ಲೇ ಅರಣ್ಯ ಕಾಲೇಜಿದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ಅದರ ಗೇಟಿನ ಎದುರು ಎಷ್ಟು ಸಲ ಹೋಗಿಬಂದಿದ್ದೇವೆ! ಅಲ್ಲಿ ನಾಲ್ಕು ವರ್ಷದ ಬಿಎಸ್ಸಿ ಫಾರೆಸ್ಟ್ರಿಗೆ ಸೀಟು ಸಿಗುವುದು ಹೇಗೆ ಅಂತ ಅವರು ಹಂತಹಂತವಾಗಿ ವಿವರಿಸಿದರು. ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಬಯಾಲಜಿ ಬರೆಯಲೇಬೇಕು. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದು ಬೇಕು ಅಂದರೆ ಬೇರೆಯಾಗಿ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ, ಬೀಜ, ಗೊಬ್ಬರ, ಸಲಕರಣೆ ಗುರುತಿಸುವಂಥದ್ದು. ನಮ್ಮ ಮಕ್ಕಳು ತೋಟದಲ್ಲೇ ಬೆಳೆದವರು, ಇದೇನು ದೊಡ್ಡದು ಅನ್ನಿಸುತ್ತದೆ ಅಲ್ವಾ? ಆದರೆ ನಮ್ಮಲ್ಲಿ ಅಡಕೆ, ಮೆಣಸು, ಏಲಕ್ಕಿ, ಭತ್ತ ಬಿಟ್ಟರೆ ಉಳಿದ ಬೆಳೆ ಕಂಡವರು ಕಡಿಮೆ. ಮಾಸ್ತರು ಡ್ರಾಯರಿನಿಂದ ಚಿಕ್ಕ ಡಬ್ಬಿಗಳನ್ನು ತೆಗೆದು ಸಜ್ಜೆ, ನವಣೆ, ಕುಸುಬೆ, ಅಗಸೆ ಮುಂದಿಟ್ಟರು. ಮಗಳಿಗೆ ಗೊತ್ತಾಗಿದ್ದು ಅಗಸೆ ಒಂದೇ. ಇಂಥದ್ದನ್ನು ಯಾವ ಕಂಪ್ಯೂಟರ್ ರಿಪೋರ್ಟ್ ಹೇಳುತ್ತದೆ?

ಕಾಗದಪತ್ರದ ವಿಷಯದಲ್ಲಂತೂ ಇವರಷ್ಟು ಬಿಡಿಸಿ ಹೇಳಿದವರನ್ನು ನಾನು ನೋಡಿಲ್ಲ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ 15 ಪರ್ಸೆಂಟ್ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದವರಿಗೆ 5 ಪರ್ಸೆಂಟ್. ಎರಡಕ್ಕೂ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತಂದು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಹಾಕಿಸಬೇಕು. ಮನೆ ಹಳ್ಳಿಯಲ್ಲಿದ್ದರೂ ಶಾಲೆ ನಗರಸಭೆ ಗಡಿಯೊಳಗಿದ್ದರೆ ಗ್ರಾಮೀಣ ಮೀಸಲು ಸಿಗುವುದಿಲ್ಲ. ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಸಿಇಟಿ ಅರ್ಜಿಯಲ್ಲಿ ಹಾಕಬೇಕು, ಹಾಗಾಗಿ ನಾಡಕಚೇರಿಗೆ ಅರ್ಜಿ ಶುರುವಾಗುವ ಮೊದಲೇ ಹೋಗಿ ಬನ್ನಿ ಅಂದರು.

ಸಿಇಟಿ ಸೀಟು ಹಂಚಿಕೆಯಲ್ಲಿ ಸೀಟು ಸಿಕ್ಕಮೇಲೆ ಆರಿಸಬೇಕಾದ ನಾಲ್ಕು ಚಾಯ್ಸ್ ಬಗ್ಗೆ ಕೂಡ ಬೋರ್ಡಿನ ಮೇಲೆ ಬರೆದು ತೋರಿಸಿದರು. ಒಂದು ಅಂದರೆ ಈ ಸೀಟು ಸಾಕು. ಎರಡು ಅಂದರೆ ಈ ಸೀಟು ಇರಲಿ, ಮುಂದಿನ ಸುತ್ತಲ್ಲಿ ಇನ್ನೂ ಒಳ್ಳೆಯದು ಸಿಗುತ್ತಾ ನೋಡುತ್ತೇನೆ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಮಾತ್ರ ಇರುತ್ತೇನೆ. ನಾಲ್ಕು ಅಂದರೆ ಪೂರ್ತಿ ಹೊರಗೆ. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲದೆ ಕೈಯಲ್ಲಿದ್ದ ಸೀಟನ್ನೇ ಬಿಟ್ಟುಕೊಡುವ ಮಕ್ಕಳಿದ್ದಾರೆ, ಸೈಬರ್ ಸೆಂಟರಿನವರ ಮೇಲೆ ಭಾರ ಹಾಕಬೇಡಿ ಅಂತ ಖಡಾಖಂಡಿತ ಹೇಳಿದರು. ಕಾಲೇಜು, ಕೋರ್ಸಿನ ಆಪ್ಷನ್ ಎಷ್ಟು ಬೇಕಾದರೂ ಹಾಕಬಹುದು, ಆದರೆ ಸಿಗುವ ಲೆಕ್ಕದಲ್ಲಿ ಅಲ್ಲ, ಇಷ್ಟದ ಕ್ರಮದಲ್ಲಿ ಹಾಕಿ ಅಂದಿದ್ದು ನನಗೆ ತುಂಬ ಹಿಡಿಸಿತು.

ಇನ್ನೊಂದು ಮೆಚ್ಚುವ ವಿಷಯ, ಇವರು ಯಾವ ಖಾಸಗಿ ಕಾಲೇಜಿನ ಏಜೆಂಟೂ ಅಲ್ಲ. ಪೇಟೆಯಲ್ಲಿ ನಡೆದ ಒಂದು ಉಚಿತ ಸೆಮಿನಾರಿಗೂ ನಾವು ಹೋಗಿದ್ದೆವು. ಅಲ್ಲಿ ಮಾರ್ಗದರ್ಶನ ಅಂದರೆ ಹೊರಗಿನ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಅಡ್ವಾನ್ಸ್ ಕಟ್ಟಿಸುವುದು, ಅಷ್ಟೇ. ಇಲ್ಲಿ ಹಾಗಿಲ್ಲ. ನಾವು ಕಾಯುತ್ತಿದ್ದಾಗ ಇಂಜಿನಿಯರಿಂಗ್ ಕೇಳಿದ ಹುಡುಗನಿಗೆ ಕಾರವಾರದ ಮಾಜಾಳಿಯಲ್ಲಿರುವ ಸರ್ಕಾರಿ ಕಾಲೇಜನ್ನೂ ಪಟ್ಟಿಗೆ ಸೇರಿಸು ಅನ್ನುತ್ತಿದ್ದರು. ಅಂಕೋಲಾ ಕಡೆಯ ಮೀನುಗಾರರ ಮನೆಯ ಹುಡುಗನೊಬ್ಬನಿಗೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ನಾಲ್ಕು ವರ್ಷದ ಕೋರ್ಸ್ ಬಗ್ಗೆ ಹೇಳಿದರು. ಎಸ್ಸೆಸ್ಸೆಲ್ಸಿ ಮುಗಿಸಿದ ಇನ್ನೊಬ್ಬನಿಗೆ ಡಿಪ್ಲೊಮಾ ಮಾಡು, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ನೇರ ಎರಡನೇ ವರ್ಷದ ಬಿಇಗೆ ಹೋಗಬಹುದು ಅಂದರು. ಅವನ ಅಪ್ಪನ ಮುಖ ಅರಳಿತು. ಪಾರ್ಟಿಷನ್ ಇಲ್ಲ, ಹಾಗಾಗಿ ಎಲ್ಲರ ಮಾತೂ ಎಲ್ಲರಿಗೂ ಕೇಳುತ್ತದೆ. ಮಾರ್ಕ್ಸ್ ಕಡಿಮೆ ಬಂದ ಮಕ್ಕಳಿಗೆ ಅದು ಮುಜುಗರ. ದಯವಿಟ್ಟು ಒಂದು ಬಾಗಿಲು ಹಾಕಿಸಿ.

ದೊಡ್ಡ ಕೊರತೆ ಅಂದರೆ ಕಾಮರ್ಸ್, ಆರ್ಟ್ಸ್ ಮಕ್ಕಳದ್ದು. ಪಕ್ಕದ ಮನೆ ಹುಡುಗ ಕಾಮರ್ಸ್, ಅದೇ 600 ಕೊಟ್ಟ, ಹತ್ತು ನಿಮಿಷದಲ್ಲಿ ಸಿಎ ಮಾಡು ಅಂತ ಹೇಳಿ ಕಳಿಸಿದರು. ಬೇರೆ ದಾರಿಯೇ ಇಲ್ಲವಾ? ಲಾ ಇದೆ, ಪತ್ರಿಕೋದ್ಯಮ ಇದೆ, ಬಿಎ ಮಾಡಿ ಬಿಇಡಿ ಮಾಡಬಹುದು. ಮಾಸ್ತರಿಗೆ ಗೊತ್ತಿರುವುದು ಸೈನ್ಸ್, ಅದು ಸರಿ. ಹಾಗಾದರೆ ಉಳಿದವರಿಗೆ ಬೇರೆಯವರನ್ನು ಕೂರಿಸಬೇಕು, ಇಲ್ಲ ಅಂದರೆ ಫೀ ತಗೊಳ್ಳಬಾರದು. ಇದನ್ನು ಅವರಿಗೆ ಎದುರಿಗೇ ಹೇಳಿದ್ದೇನೆ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ, ಅಷ್ಟೂ ಮಾಸ್ತರಿಗೆ. ಮೇ, ಜೂನ್‌ನಲ್ಲಿ ಜನ ಜಾಸ್ತಿ, ಫೋನೂ ಎತ್ತುವುದಿಲ್ಲ. ಫಸ್ಟ್ ಪಿಯುಸಿ ಮುಗಿದ ರಜೆಯ ಶುರುವಿಗೇ ಹೋಗುವುದು ಒಳ್ಳೆಯದು. ಮಾರ್ಕ್ಸ್ ಕಾರ್ಡ್ ಜೊತೆ ತೋಟದ ಪಹಣಿಯ ಝೆರಾಕ್ಸ್ ಕೂಡ ಒಯ್ಯಿರಿ, ಅವರು ಕೇಳುತ್ತಾರೆ.